ಎಂಜಿನ್ ಬದಲಾದ ಜೀಪಿಗೆ ಚರಿತ್ರೆ ಇಲ್ಲವೇ?

ಕಳಸ, ಮೂಡಿಗೆರೆ ಕಡೆ ಹಿಂದೆ ಜೀಪು ಇಟ್ಟಿದ್ದ ಹಳೇ ತೋಟದ ಮನೆಗೆ ಹೋದರೆ, ಹಿತ್ತಲಿನ ಹಲಸಿನ ಮರದ ದಪ್ಪ ಕೊಂಬೆಯನ್ನು ಒಮ್ಮೆ ನೋಡಿ. ಸರಪಳಿ ಉಜ್ಜಿ ತೊಗಟೆ ಸವೆದ ಗುರುತು ಕಂಡರೂ ಕಾಣಬಹುದು. ಜೀಪಿನ ಎಂಜಿನ್ ಎತ್ತಿ ಇಳಿಸಿದ ಗುರುತು ಅದು. ನಮ್ಮ ಕಾಫಿ ಗುಡ್ಡಗಳ ಚರಿತ್ರೆಯಲ್ಲಿ ಆ ಕೊಂಬೆಗೂ ಒಂದು ಜಾಗ ಇದೆ.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದ ಕೆಲಸಕ್ಕೆ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದಾಗ ಭಾರತದಲ್ಲಿ ಉಳಿದ ಸೇನೆಯ ಜೀಪುಗಳು ಖಾಸಗಿಯವರ ಕೈಗೂ ಬಂದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರು ಮಾಡಿತು. ಮುಂದೆ ಇಲ್ಲೇ ತಯಾರಿಕೆಯೂ ಆಯಿತು. ಬಾನೆಟ್ ಎತ್ತರ ಇರುವ ‘ಸಿಜೆ 3ಬಿ’ ಮಾದರಿ ಹತ್ತಾರು ವರ್ಷ ನಮ್ಮ ದೇಶದಲ್ಲಿ ಓಡಿತು.

ಮಲೆನಾಡಿಗೆ ಇದು ಹೇಳಿ ಮಾಡಿಸಿದ ಗಾಡಿ. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದೇ 2013ರಲ್ಲಿ. ಅಲ್ಲಿಯವರೆಗೆ ಎಲ್ಲವೂ ರಸ್ತೆಯ ಮೇಲೆಯೇ ಹೋಗಬೇಕಿತ್ತು. ತೋಟದೊಳಗೆ ಅದೂ ಇಲ್ಲ. ಮಳೆಗಾಲದಲ್ಲಿ ಕೆಸರು, ಹಳ್ಳ, ಏರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಜೀಪು ಮಾತ್ರ ಅಲ್ಲಿ ಹತ್ತುತ್ತಿತ್ತು. ಕೊಯ್ದ ಹಣ್ಣು ಕಣಕ್ಕೆ, ಒಣಗಿದ ಮೂಟೆ ಪೇಟೆಗೆ, ಹೆರಿಗೆ ನೋವು ಬಂದವರು ಆಸ್ಪತ್ರೆಗೆ, ಎಲ್ಲದಕ್ಕೂ ಅದೇ ಗಾಡಿ.

ಆದರೆ ಏರು ಹತ್ತುವ ಬಲ ಒಂದರಿಂದಲೇ ಅದು ಇಷ್ಟು ಕಾಲ ಉಳಿಯಲಿಲ್ಲ. ಮನೆಯ ಅಂಗಳದಲ್ಲೇ ಬಿಚ್ಚಿ ಕಟ್ಟಬಹುದಾಗಿತ್ತು, ಅದಕ್ಕೇ ಉಳಿಯಿತು.

ಹಳೇ ವಿಲ್ಲೀಸ್ ಎಂಜಿನ್ನಿಗೆ ‘ಗೋ ಡೆವಿಲ್’ ಎಂದು ಹೆಸರು. ನಾಲ್ಕು ಸಿಲಿಂಡರ್, 2,199 ಸಿಸಿ, 60 ಅಶ್ವಶಕ್ತಿ, ಪೆಟ್ರೋಲ್. ಅದರ ವಾಲ್ವುಗಳೆಲ್ಲ ಕೆಳಗೆ ಬ್ಲಾಕಿನಲ್ಲೇ ಇರುತ್ತವೆ. ಮೇಲಿನ ಹೆಡ್ ಒಂದು ಮುಚ್ಚಳ ಇದ್ದ ಹಾಗೆ. ನಟ್ಟು ಬಿಚ್ಚಿ ಎತ್ತಿದರೆ ಪಿಸ್ಟನ್ನಿನ ತಲೆಯೂ ವಾಲ್ವೂ ಕಣ್ಣೆದುರಿಗೇ. ಕಟ್ಟಿದ ಮಸಿ ಕೆರೆದು, ವಾಲ್ವಿಗೆ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬಹುದು. ಇಷ್ಟಕ್ಕೆ ಎಂಜಿನ್ ಇಳಿಸಬೇಕಾಗಿಲ್ಲ.

ಕ್ರ್ಯಾಂಕ್ ಕೆಲಸ ಬಂದರೆ ಇಳಿಸಲೇಬೇಕು. ಮೊದಲು ಬ್ಯಾಟರಿ ವೈರ್ ತೆಗೆಯುವುದು. ನೀರು, ಆಯಿಲ್ ಬಸಿಯುವುದು. ಬಾನೆಟ್, ರೇಡಿಯೇಟರ್, ಪೆಟ್ರೋಲ್ ಪೈಪು, ಸೈಲೆನ್ಸರ್ ಪೈಪು, ಕ್ಲಚ್ ಮತ್ತು ಆಕ್ಸಿಲರೇಟರ್ ಜೋಡಣೆ ಬಿಚ್ಚುವುದು. ಆಮೇಲೆ ಎಂಜಿನ್ ಕೂತ ಬೋಲ್ಟು, ಗೇರ್ ಬಾಕ್ಸಿಗೆ ಹಿಡಿದ ಬೋಲ್ಟು. ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ, ಎಂಜಿನ್ನನ್ನು ಸ್ವಲ್ಪ ಮುಂದಕ್ಕೆ ಎಳೆದು ಗೇರ್ ಬಾಕ್ಸಿನಿಂದ ಬಿಡಿಸಿ, ಮೆಲ್ಲಗೆ ಮೇಲಕ್ಕೆ ಎತ್ತುವುದು. ತೂಗುವ ಎಂಜಿನ್ನಿನ ಕೆಳಗೆ ಯಾರೂ ಕೈ ಹಾಕಬಾರದು, ತಲೆ ಹಾಕಬಾರದು. ಬೋರ್ ಮಾಡಿಸಲು, ಕ್ರ್ಯಾಂಕ್ ಗ್ರೈಂಡಿಂಗಿಗೆ ಮಾತ್ರ ಪೇಟೆಯ ವರ್ಕ್‌ಶಾಪಿಗೆ ಹೋಗಬೇಕು. ಉಳಿದದ್ದೆಲ್ಲ ಮರದ ಬುಡದಲ್ಲೇ.

1973ರ ನಂತರ ಪ್ರಪಂಚದಲ್ಲೆಲ್ಲ ತೈಲದ ಬೆಲೆ ಏರಿತು. ಏರಿನಲ್ಲಿ ಪೆಟ್ರೋಲ್ ಕುಡಿಯುವ ಜೀಪು ದುಬಾರಿಯಾಯಿತು. ನಮ್ಮಲ್ಲಿ ಡೀಸೆಲ್ ಅಗ್ಗ. 1980ರ ದಶಕದಲ್ಲಿ ಮಹೀಂದ್ರದವರೇ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಹಾಕಿದ ಜೀಪು ತಂದರು. ಹಳೇ ಜೀಪು ಇದ್ದವರು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸತೊಡಗಿದರು. ಸುಲಭದ ಕೆಲಸ ಅಲ್ಲ ಅದು. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಮುಂದಿನ ಪಟ್ಟಾ ಗಟ್ಟಿ ಮಾಡಬೇಕು. ಎಂಜಿನ್ ಕೂರಲು ಹೊಸ ಬ್ರಾಕೆಟ್ ಬೆಸೆಯಬೇಕು. ಮೊದಲಿನ 6 ವೋಲ್ಟಿನ ವೈರಿಂಗ್ ತೆಗೆದು 12 ವೋಲ್ಟಿಗೆ ಬದಲಿಸಬೇಕು. ಪುಸ್ತಕ ನೋಡದೆ, ಅಳತೆ ಹಿಡಿದು, ಲೇತ್ ಮೇಲೆ ಪಾರ್ಟು ಮಾಡಿಸಿ ಇದನ್ನೆಲ್ಲ ಮಾಡಿದವರು ನಮ್ಮೂರುಗಳ ಮೆಕ್ಯಾನಿಕ್‌ಗಳು. ಗುಜರಿಗೆ ಹೋಗಬೇಕಿದ್ದ ಎಷ್ಟೋ ಜೀಪುಗಳಿಗೆ ಹೀಗೆ ಎರಡನೇ ಜನ್ಮ ಸಿಕ್ಕಿತು.

ಈಗ ಕಾನೂನಿಗೆ ಬರೋಣ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿಯನ್ನಾಗಲಿ, ಬಾಡಿಯನ್ನಾಗಲಿ, ಎಂಜಿನ್ನನ್ನಾಗಲಿ ಮಾರ್ಪಡಿಸಿರಬಾರದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ.

ನಗರದ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಜೀಪಿಗೆ ಈ ಗೌರವ ಸಿಗುತ್ತದೆ. ಎಂಜಿನ್ ಬದಲಿಸಿಕೊಂಡು ಇಷ್ಟು ವರ್ಷ ಮೂಟೆ ಹೊತ್ತ ನಮ್ಮ ಜೀಪಿಗೆ ಸಿಗುವುದಿಲ್ಲ. ಅದು ಸಾಮಾನ್ಯ ಹಳೇ ಗಾಡಿಗಳ ಸಾಲಿಗೇ ಸೇರುತ್ತದೆ. 15 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಯಾವುದರಿಂದ ಜೀಪು ಬದುಕಿತೋ ಅದೇ ಅದರ ತಪ್ಪಾಯಿತು.

ನಿಯಮ ಬದಲಾಗಲಿ ಎಂದು ಕೇಳಬಹುದು. ಅಲ್ಲಿಯವರೆಗೆ ನಮ್ಮ ಕೈಲಾದ ಕೆಲಸ ಒಂದಿಷ್ಟಿದೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಇಂಧನ ಎರಡೂ ಗಾಡಿಯಲ್ಲಿರುವುದಕ್ಕೆ ಹೊಂದುತ್ತವೆಯೇ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಹಾಗೆಯೇ ಎಂಜಿನ್ ಯಾವ ವರ್ಷ ಬದಲಾಯಿತು, ಯಾರು ಕೂರಿಸಿದರು, ಹಳೇ ಎಂಜಿನ್ ಏನಾಯಿತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಆ ಮೆಕ್ಯಾನಿಕ್ ಬದುಕಿದ್ದರೆ ಒಮ್ಮೆ ಹೋಗಿ ಮಾತಾಡಿಸಿ, ಅವರ ಮಾತನ್ನು ನಿಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಆ ಕೆಲಸ ಬಲ್ಲವರಿಗೆ ವಯಸ್ಸಾಗುತ್ತಿದೆ.