ಸಿಗಾರ್: ಎಲ್ಲಿಯವರೆಗೆ ಸೇದಬೇಕು, ಎಲ್ಲಿ ಬಿಡಬೇಕು?

ಸಿಗರೇಟು ಸೇದುವವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಕಿಡಿ ಫಿಲ್ಟರ್ ಮುಟ್ಟಿದಲ್ಲಿಗೆ ಅದರ ಕಥೆ ಮುಗಿಯಿತು. ಸಿಗಾರ್‌ಗೆ ಅಂಥ ಗಡಿಯಿಲ್ಲ. ಕೈಯಲ್ಲಿ ಸುತ್ತಿದ ಸಿಗಾರ್ ತುದಿಯಿಂದ ಬುಡದವರೆಗೂ ತಂಬಾಕಿನ ಎಲೆಯೇ. ದುಬಾರಿ ಬೆಲೆಯ ಹವಾನಾ ಸಿಗಾರ್‌ನ ಮೂರನೇ ಒಂದು ಭಾಗವನ್ನು ಆಶ್‌ಟ್ರೇಯಲ್ಲಿ ಬಿಟ್ಟು ಏಳುವುದು ದುಂದುಗಾರಿಕೆಯಂತೆ ಕಾಣುವುದು ಸಹಜ. ಆದರೆ ಬಲ್ಲವರ ರೂಢಿ ಬಹುಮಟ್ಟಿಗೆ ಅದೇ ಆಗಿದೆ.

ಸಿಗಾರನ್ನು ಮೂರು ಭಾಗಗಳಾಗಿ ಕಾಣುವುದು ಹಳೆಯ ಪದ್ಧತಿ. ಫ್ರೆಂಚರು ಇವುಗಳಿಗೆ ಪ್ರಾಸಬದ್ಧವಾಗಿ ಫುವಾಂ, ದಿವಾಂ, ಪ್ಯೂರಾಂ ಎಂದು ಹೆಸರಿಟ್ಟಿದ್ದಾರೆ. ಮೊದಲನೆಯದು ಒಣಹುಲ್ಲು, ಎರಡನೆಯದು ದಿವ್ಯ, ಮೂರನೆಯದು ತಿಪ್ಪೆಯ ರಸ! ಹೋಲಿಕೆ ಒರಟಾದರೂ ಅದರ ಹಿಂದೆ ಕಾರಣವಿದೆ.

ಉರಿಯುವ ತುದಿಯಿಂದ ಹೊರಟ ಹೊಗೆ ಬಾಯಿಗೆ ಬರುವ ಮೊದಲು ಉಳಿದ ಎಲೆಗಳ ನಡುವೆ ಹಾದು ಬರಬೇಕು. ದಾರಿಯಲ್ಲಿ ಅದು ತಣಿಯುತ್ತದೆ. ಅದರಲ್ಲಿನ ಟಾರ್, ನಿಕೋಟಿನ್ ಹಾಗೂ ತೇವಾಂಶದ ಒಂದು ಪಾಲು ಎಲೆಗಳಿಗೇ ಅಂಟಿಕೊಳ್ಳುತ್ತದೆ. ಅಂದರೆ ಸೇದದೆ ಉಳಿದ ಭಾಗವೇ ಫಿಲ್ಟರ್‌ನಂತೆ ಕೆಲಸ ಮಾಡುತ್ತಿರುತ್ತದೆ. ಕಿಡಿ ಹಿಂದಕ್ಕೆ ಸರಿದಂತೆ ಈ ಫಿಲ್ಟರ್ ಗಿಡ್ಡವಾಗುತ್ತದೆ, ಅಂಟಿಕೊಂಡಿದ್ದುದೂ ಮತ್ತೆ ಕಾಯ್ದು ಹೊಗೆಗೆ ಸೇರುತ್ತದೆ. ಕೊನೆಯ ಭಾಗದ ಹೊಗೆ ಬಿಸಿಯಾಗಿ, ಕಹಿಯಾಗಿ, ಖಾರವಾಗಿ ಬರುವುದು ಈ ಕಾರಣದಿಂದಲೇ. ರೂಢಿಯಿಲ್ಲದವರಿಗೆ ತಲೆಸುತ್ತು, ಬೆವರು, ವಾಕರಿಕೆ ಬಂದರೆ ಅದು ನಿಕೋಟಿನ್ ಹೆಚ್ಚಾದುದರ ಸೂಚನೆ. ಆಗ ಎಷ್ಟು ಉಳಿದಿದೆ ಎಂದು ನೋಡುತ್ತ ಕೂರದೆ ಅಲ್ಲಿಗೇ ನಿಲ್ಲಿಸಬೇಕು.

ಸಾಮಾನ್ಯವಾಗಿ ಹೇಳುವ ಲೆಕ್ಕ, ಒಂದೂವರೆಯಿಂದ ಎರಡು ಅಂಗುಲ ಉಳಿಸುವುದು. ಆದರೆ ಅಂಗುಲದ ಲೆಕ್ಕ ಎಲ್ಲ ಸಿಗಾರ್‌ಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. 178 ಮಿಲಿಮೀಟರ್ ಉದ್ದದ 'ಚರ್ಚಿಲ್' ಅಳತೆಯ ಸಿಗಾರ್‌ನಲ್ಲಿ ಎರಡು ಅಂಗುಲ ಬಿಟ್ಟರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ; 124 ಮಿಲಿಮೀಟರ್‌ನ 'ರೊಬಸ್ಟೊ'ದಲ್ಲಿ ಅದು ಶೇ. 40ರಷ್ಟಾಗುತ್ತದೆ. ಸಿಗಾರ್‌ಗೆ ಸುತ್ತಿದ ಕಾಗದದ ಪಟ್ಟಿಯೇ ನಿಲ್ಲಿಸುವ ಗುರುತು ಎಂದು ಕೆಲವರು ಭಾವಿಸುವುದುಂಟು. ಅದು ತಯಾರಕರ ಮುದ್ರೆಯೇ ಹೊರತು ಅಳತೆಗೋಲಲ್ಲ.

ಈ ಅಳತೆಗೆ ತಮ್ಮ ಹೆಸರು ಕೊಟ್ಟ ವಿನ್‌ಸ್ಟನ್ ಚರ್ಚಿಲ್ 1895ರಲ್ಲಿ ಕ್ಯೂಬಾಕ್ಕೆ ಹೋಗಿ ಬಂದ ಮರುವರ್ಷವೇ ಸೈನ್ಯಾಧಿಕಾರಿಯಾಗಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದಿಳಿದವರು. ಸಿಗಾರನ್ನು ಪೂರ್ತಿ ಸೇದುವುದಕ್ಕಿಂತ ಕಚ್ಚಿಕೊಂಡಿರುವುದೇ ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಅವರು ಅರ್ಧ ಸೇದಿ ಬಿಟ್ಟ ಸಿಗಾರೊಂದು 2017ರಲ್ಲಿ ಅಮೆರಿಕದ ಹರಾಜಿನಲ್ಲಿ 12 ಸಾವಿರ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಎಲ್ಲರ ತುಂಡಿಗೂ ಈ ಭಾಗ್ಯವಿಲ್ಲ.

ಆರಿಸುವುದು ಹೇಗೆ?

ಸಿಗರೇಟಿನಂತೆ ಒತ್ತಿ ಹೊಸಕುವುದು ಸಲ್ಲದು. ಎಲೆ ಬಿಚ್ಚಿಕೊಂಡು ಕೋಣೆ ತುಂಬ ಘಾಟು ಹರಡುತ್ತದೆ. ಆಶ್‌ಟ್ರೇಯಲ್ಲಿ ಇಟ್ಟುಬಿಟ್ಟರೆ ಕೆಲವು ನಿಮಿಷಗಳಲ್ಲಿ ತಾನಾಗಿ ಆರುತ್ತದೆ. ಅರ್ಧದಲ್ಲಿ ಆರಿದ್ದನ್ನು ಬೂದಿ ಕೊಡವಿ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಚ್ಚಬಹುದು. ಮರುದಿನಕ್ಕೆ ಉಳಿಸಿದರೆ ಹಳಸಿದ ರುಚಿ ತಪ್ಪಿದ್ದಲ್ಲ.

ಕೊನೆಯ ಭಾಗ ಬಿಟ್ಟರೆ ಅಪಾಯ ತಪ್ಪಿತೆಂದು ತಿಳಿಯುವುದು ಮಾತ್ರ ಭ್ರಮೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಂಗಿಂತ ಕಡಿಮೆ ತಂಬಾಕಿದ್ದರೆ ದೊಡ್ಡ ಸಿಗಾರ್‌ನಲ್ಲಿ 5ರಿಂದ 20 ಗ್ರಾಂವರೆಗೆ ಇರುತ್ತದೆ. ಹೊಗೆಯನ್ನು ಒಳಗೆ ಎಳೆದುಕೊಳ್ಳದಿದ್ದರೂ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳ ಹಾಗೂ ಶ್ವಾಸಕೋಶದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆಂಬುದನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರ ವರದಿಯಲ್ಲೇ ವಿವರಿಸಿದೆ. ತಾನಾಗಿ ಆರಲು ಬಿಟ್ಟ ಸಿಗಾರ್‌ನ ಹೊಗೆಯನ್ನು ಪಕ್ಕದಲ್ಲಿದ್ದವರೂ ಕುಡಿಯುತ್ತಾರೆ. ಮನೆಯಲ್ಲಿ ಮಕ್ಕಳು, ವೃದ್ಧರು ಇದ್ದರೆ ಶಿಷ್ಟಾಚಾರವನ್ನು ಬದಿಗಿಟ್ಟು ತುಂಡನ್ನು ಹೊರಗೆ ಒಯ್ದು ನೀರಿನಲ್ಲಿ ಅದ್ದುವುದೇ ಸರಿ.