ಕಲ್ಲುಬಂಡಿಯಿಂದ ಹೊಗೆಬಂಡಿಯವರೆಗೆ

ರಾಯಚೂರಿನ ಕೋಟೆಯನ್ನು ನೋಡಬಂದವರು ಸಾಮಾನ್ಯವಾಗಿ ಬೆಟ್ಟವನ್ನು ಹತ್ತಿ, ಗಾಳಿಗೆ ಮುಖವೊಡ್ಡಿ, ಊರನ್ನೆಲ್ಲ ಕಾಲಕೆಳಗೆ ಕಂಡು ಸಂತೋಷಪಟ್ಟು ಇಳಿದುಹೋಗುತ್ತಾರೆ. ಪಶ್ಚಿಮದ ಗೋಡೆಯಲ್ಲಿ ಅಡ್ಡಲಾಗಿ ಕೂರಿಸಿರುವ ಒಂದು ಕಲ್ಲಿನ ಮುಂದೆ ನಿಲ್ಲುವವರು ಕಡಮೆ. ಆ ಕಲ್ಲು 41 ಅಡಿಗೂ ಮಿಕ್ಕು ಉದ್ದವಾಗಿದೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಕಾಕತೀಯರ ಕಾಲದಲ್ಲಿ ಕೋಟೆ ಎದ್ದ ಸಂಗತಿಯನ್ನು ಅದು ಸಾರುತ್ತದೆ. ಶಾಸನವನ್ನು ಓದಲಾರದವರೂ ಓದಬಹುದಾದ ಇನ್ನೊಂದು ವಸ್ತು ಅದೇ ಗೋಡೆಯ ಮೇಲಿದೆ. ಅದೊಂದು ಗೀರುಚಿತ್ರ. ಬಂಡಿಯೊಂದರ ಮೇಲೆ ಅದೇ ಮಹಾಶಿಲೆ ಮಲಗಿದೆ, ಬಂಡಿಯನ್ನು ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ, ಜೊತೆಗೆ ಆಳುಗಳಿದ್ದಾರೆ. ಈ ಕಲ್ಲು ಇಲ್ಲಿಗೆ ಹೇಗೆ ಬಂದಿತು ಎಂದು ಮುಂದಿನವರು ಕೇಳಿಯಾರು ಎಂಬುದು ಆ ಕಲ್ಲುಕುಟಿಗನಿಗೆ ಹೊಳೆದಿತ್ತು. ಒಡೆಯರ ಹೆಸರು ಶಾಸನದಲ್ಲಿ ಉಳಿಯಿತು. ದುಡಿಮೆಯ ಬಗೆ ಚಿತ್ರದಲ್ಲಿ ಉಳಿಯಿತು.

ರೈಲುಗಾಡಿಗಳ ಫೋಟೋ ತೆಗೆಯುವುದನ್ನು, ಅದರಲ್ಲಿಯೂ ಸಣ್ಣಪುಟ್ಟ ದಾರಿಗಳ ಫೋಟೋ ತೆಗೆಯುವುದನ್ನು, ಹವ್ಯಾಸವಾಗಿ ಬೆಳಸಿಕೊಂಡವರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಉಂಡು ಮಿಕ್ಕವರ ಹುಚ್ಚು ಇದು ಎಂದು ನಗುವವರೂ ಇದ್ದಾರೆ. ನಾನೂ ಒಂದು ಕಾಲಕ್ಕೆ ನಕ್ಕವನೇ. ಈಗ ಆ ಕೋಟೆಯ ಗೋಡೆಯನ್ನು ನೋಡಿದಾಗಲೆಲ್ಲ ಈ ಹವ್ಯಾಸಿಗಳು ಆ ಕಲ್ಲುಕುಟಿಗನ ವಂಶದವರೇ ಎಂದು ನನಗೆ ಅನಿಸುತ್ತದೆ.

ನಮ್ಮ ಊರಿಗೆ ಕಬ್ಬಿಣದ ದಾರಿ ಬಂದ ಕಥೆಯನ್ನು ಮೊದಲು ಹೇಳಬೇಕು. 1853ರ ಏಪ್ರಿಲ್ 16ರಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಗಾಡಿ ಮುಂಬಯಿಯಿಂದ ಠಾಣೆಗೆ 21 ಮೈಲಿ ಓಡಿತು. ಅದೇ ವರ್ಷ ರಾಯಚೂರಿನ ದೋಆಬು ನಿಜಾಮರ ಕೈತಪ್ಪಿ ಕುಂಪಣಿಯ ಆಡಳಿತಕ್ಕೆ ಸೇರಿತು. 1860ರಲ್ಲಿ ಮರಳಿ ನಿಜಾಮರಿಗೆ ಬಂದಿತು. ಇತ್ತ 1856ರಲ್ಲಿ ಮದರಾಸು ರೈಲ್ವೆಯವರು ರಾಯಪುರದಿಂದ ಆರ್ಕಾಟಿನ ಕಡೆಗೆ ಗಾಡಿ ಬಿಟ್ಟಿದ್ದರು. ಒಂದು ಕಂಪನಿ ಪುಣೆ, ಸೊಲ್ಲಾಪುರ, ಕಲಬುರ್ಗಿ, ವಾಡಿಗಳ ಮೇಲೆ ಕೃಷ್ಣೆಯನ್ನು ದಾಟಿ ಬಂದಿತು. ಇನ್ನೊಂದು ಕಡಪ, ಗುಂತಕಲ್ಲು, ಆದವಾನಿಗಳ ಮೇಲೆ ತುಂಗಭದ್ರೆಯನ್ನು ದಾಟಿ ಬಂದಿತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೈಕುಲುಕಿದುವು. ಮುಂಬಯಿಗೆ ಸುಮಾರು 440 ಮೈಲಿ, ಮದರಾಸಿಗೆ ಸುಮಾರು 350 ಮೈಲಿ. ಎರಡು ಹೊಳೆಗಳ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿ, ಆದಿಲಶಾಹಿಗಳೂ ಎಷ್ಟೋ ಸಲ ಕಾದಾಡಿದ್ದರು. ಅಂಥ ನೆಲದಲ್ಲಿ ಎರಡು ಕಂಪನಿಗಳು ಒಂದು ಗುಂಡೂ ಹಾರಿಸದೆ ಸಂಧಿಸಿದುದು ಚರಿತ್ರೆಯ ಒಂದು ಸೋಜಿಗ.

ಆದರೆ ಕೃಷ್ಣೆಯ ಮಡುವಿನಲ್ಲಿ ಕಂಬಗಳನ್ನು ನಿಲ್ಲಿಸಿದವರು ಯಾರು? ಕಲ್ಲು ಕಡಿದ ಒಡ್ಡರು ಯಾವ ಊರಿನವರು? ಬಿಸಿಲಿನಲ್ಲಿ ಮಣ್ಣು ಹೊತ್ತ ಹೆಂಗಸರ ಮಕ್ಕಳು ಯಾವ ಮರದ ನೆರಳಿನ ತೊಟ್ಟಿಲಲ್ಲಿ ಮಲಗಿದ್ದರು? 1294ರ ಬಂಡಿಯನ್ನು ಗೀರಿದವನಿಗೆ ಕೋಟೆಯ ಗೋಡೆ ಸಿಕ್ಕಿತ್ತು. 1871ರ ಕೂಲಿಗಳಿಗೆ ಅಂಥ ಗೋಡೆ ಸಿಗಲಿಲ್ಲ.

ಆ ಕಾಲಕ್ಕೆ ಕ್ಯಾಮರಾ ಹುಟ್ಟಿರಲಿಲ್ಲವೆಂದು ಭಾವಿಸಬಾರದು. ಮುಂಬಯಿಯಿಂದ ಪುಣೆಗೆ ಹತ್ತುವ ಭೋರ್ ಘಟ್ಟದ ದಾರಿಯ ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್ವೆಲ್ ಎಂಬಾತ 1859ರಲ್ಲಿ ತೀರಿಕೊಂಡ. ಆತನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಬಿಡದೆ ಮುಂದುವರಿಸಿದಳು. ಘಟ್ಟದ ದಾರಿ 1863ರಲ್ಲಿ ತೆರೆಯಿತು. ಆ ಕೆಲಸದ ಛಾಯಾಚಿತ್ರಗಳ ಸಂಪುಟವೊಂದು ಆಕೆಯ ಹೆಸರಿನಲ್ಲಿ ಉಳಿದಿದೆ. ಮುಂದೆ ನಮ್ಮ ನಿಜಾಮರ ಆಸ್ಥಾನದಲ್ಲಿಯೇ ರಾಜಾ ದೀನದಯಾಳರಂಥ ದೊಡ್ಡ ಛಾಯಾಗ್ರಾಹಕರಿದ್ದರು. ಆದರೆ ಅಂದಿನ ಕ್ಯಾಮರಾ ಆನೆಯಂತೆ. ಸಾಕುವ ಶಕ್ತಿ ಉಳ್ಳವರ ಬಾಗಿಲಿನಲ್ಲಿಯೇ ಅದು ನಿಲ್ಲುತ್ತಿತ್ತು. ಅರಮನೆ, ಬೇಟೆ, ಔತಣ, ಹೊಸ ಸೇತುವೆ, ಬಂದ ದೊರೆಗಳು: ಇವು ಚಿತ್ರಕ್ಕೆ ಬಂದುವು. ನಾಡಿನ ನಡುವಿನ ಸಣ್ಣ ನಿಲ್ದಾಣಕ್ಕಾಗಲಿ, ಅದರ ಗೇಟ್‌ಮನ್ನಿಗಾಗಲಿ ಆ ಭಾಗ್ಯ ಒದಗುವುದು ಅಪರೂಪವಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದುದು ಅಗ್ಗದ ಕ್ಯಾಮರಾ. 1888ರಲ್ಲಿ ಕೊಡಕ್ ಕ್ಯಾಮರಾ ಬಂದಿತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದಿತು. ಶಾಲೆಯ ಹುಡುಗರೂ ಗುಮಾಸ್ತರೂ ಪಾದ್ರಿಗಳೂ ರಜೆಯ ದಿನ ಹಳಿಯ ಪಕ್ಕದಲ್ಲಿ ನಿಂತು ಇಂಜಿನ್ನುಗಳ ಚಿತ್ರ ತೆಗೆಯತೊಡಗಿದರು. ಮೊದಮೊದಲು ಎಲ್ಲರ ಕಣ್ಣೂ ದೊಡ್ಡ ಇಂಜಿನ್ನುಗಳ ಮೇಲೆ, ವೇಗದ ಗಾಡಿಗಳ ಮೇಲೆ. ಅಮೆರಿಕದಲ್ಲಿ ಲೂಸಿಯಸ್ ಬೀಬಿ ಮತ್ತು ಚಾರ್ಲ್ಸ್ ಕ್ಲೆಗ್ ಎಂಬಿಬ್ಬರು ಈ ಕಣ್ಣನ್ನು ಬೇರೆ ಕಡೆಗೆ ತಿರುಗಿಸಿದರು. ಹತ್ತಿಪ್ಪತ್ತು ಮೈಲಿ ಓಡಿ ಸುಸ್ತಾಗುವ, ಒಂದೇ ಗಾಡಿಗೆ ಸಾಮಾನಿನ ಡಬ್ಬಿಯನ್ನೂ ಪ್ರಯಾಣಿಕರ ಡಬ್ಬಿಯನ್ನೂ ಕಟ್ಟಿಕೊಂಡು ಹೋಗುವ ಬಡ ರೈಲುದಾರಿಗಳನ್ನೇ ಹುಡುಕಿಕೊಂಡು ಅವರು ದೇಶವನ್ನೆಲ್ಲ ಸುತ್ತಿದರು. ಆ ಚಿತ್ರಗಳ ಪುಸ್ತಕ 1947ರಲ್ಲಿ ಹೊರಬಂದಿತು. 1955ರಿಂದ 1960ರ ವರೆಗೆ ವಿನ್‌ಸ್ಟನ್ ಲಿಂಕ್ ಎಂಬಾತ ಕತ್ತಲೆಯಲ್ಲಿ ದೀಪಗಳ ಸಾಲನ್ನು ಹೊತ್ತಿಸಿ ಅಲ್ಲಿನ ಕೊನೆಯ ಉಗಿ ಇಂಜಿನ್ನುಗಳನ್ನು ಚಿತ್ರಿಸಿದ. ಆತನ ಚಿತ್ರಗಳಲ್ಲಿ ಇಂಜಿನ್ನು ಒಂಟಿಯಲ್ಲ. ಮನೆಯ ಕಿಟಕಿಯಾಚೆ ಗಾಡಿ ಹೋಗುತ್ತಿದ್ದರೆ ಈಚೆ ಮನೆಯವರು ಕುಳಿತಿರುತ್ತಾರೆ. ಇಂಗ್ಲೆಂಡಿನ ಪಕ್ಕದ ವೇಲ್ಸಿನಲ್ಲಿ ಟ್ಯಾಲಿಲಿನ್ ಎಂಬ ಪುಟ್ಟ ದಾರಿ ಮುಚ್ಚಿಹೋಗುವುದರಲ್ಲಿದ್ದಾಗ 1951ರಲ್ಲಿ ಅಭಿಮಾನಿಗಳೇ ಸೇರಿ ಅದನ್ನು ನಡೆಸತೊಡಗಿದರು. ಅಲ್ಲಿಂದೀಚೆಗೆ ಪ್ರವಾಸಿಗರಿಗಾಗಿಯೇ ಓಡುವ ಹಳೆಯ ಗಾಡಿಗಳು ಲೋಕದ ಎಷ್ಟೋ ಕಡೆ ಹುಟ್ಟಿದುವು.

ನಮ್ಮಲ್ಲಿಯೂ ಉದಕಮಂಡಲದ ಬೆಟ್ಟದ ಗಾಡಿ ಅಂಥ ಮಾನವನ್ನು ಪಡೆದಿದೆ. 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ಹತ್ತಿದ ಆ ಹಲ್ಲುಹಳಿಯ ದಾರಿ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಎಲ್ಲ ಸಣ್ಣ ದಾರಿಗಳಿಗೂ ಬೆಟ್ಟದ ಚೆಲುವು ಇರುವುದಿಲ್ಲ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಹಳಿ ಬಿದ್ದಿತ್ತು. ಅದು ಮುಂದೆ ಚಿಕ್ಕಬಳ್ಳಾಪುರದ ಮೇಲೆ ಬೆಂಗಳೂರಿನ ಕಡೆಗೆ ಬೆಳೆದಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ದಾರಿಯೊಂದು ಕಾಡಿನ ನಡುವೆ ಓಡುತ್ತಿತ್ತು. ಮೊದಲನೆಯದು ಅಗಲಗೊಂಡಿತು; ಎರಡನೆಯದು ಅಳಿದುಹೋಯಿತು. ಉಗಿ ಇಂಜಿನ್ನುಗಳ ಕಾಲವೂ ಹಾಗೆಯೇ ಮುಗಿಯಿತು. ಚಿತ್ತರಂಜನದ ಕಾರ್ಖಾನೆ ಅಗಲ ಹಳಿಯ ಕೊನೆಯ ಉಗಿ ಇಂಜಿನ್ನನ್ನು 1970ರಲ್ಲಿ ಕಟ್ಟಿತು. ಅಗಲ ಹಳಿಯ ಮೇಲೆ ನಿತ್ಯದ ಗಾಡಿಯನ್ನು ಎಳೆದ ಕೊನೆಯ ಉಗಿ ಇಂಜಿನ್ನು 1995ರಲ್ಲಿ ಪಂಜಾಬಿನಲ್ಲಿ ತಣ್ಣಗಾಯಿತು. ಆ ಕೊನೆಯ ದಶಕಗಳಲ್ಲಿ ಪರದೇಶದ ಹವ್ಯಾಸಿಗಳು ಕ್ಯಾಮರಾ ಹೆಗಲಿಗೇರಿಸಿ ನಮ್ಮ ದೇಶವನ್ನೆಲ್ಲ ತಿರುಗಿದರು. ನಮ್ಮ ಇಂಜಿನ್ನುಗಳ ಎಷ್ಟೋ ಒಳ್ಳೆಯ ಚಿತ್ರಗಳು ಅವರ ಕೈಯವು.

ನಾವೇಕೆ ತೆಗೆಯಲಿಲ್ಲ? ಬಡತನ ಒಂದು ಕಾರಣ. ಫಿಲ್ಮಿನ ಒಂದು ಸುರುಳಿಯ ಬೆಲೆಯಲ್ಲಿ ಮನೆಯ ವಾರದ ಜೋಳ ಬರುತ್ತಿತ್ತು. ಭಯ ಇನ್ನೊಂದು. ನಾನು ಒಮ್ಮೆ ಒಂದು ನಿಲ್ದಾಣದಲ್ಲಿ ಹಳೆಯ ನೀರಿನ ಕಂಬದ ಚಿತ್ರ ತೆಗೆಯಹೋಗಿ, "ಏನ್ ಮಾಸ್ತರ್ರೇ, ಕಂಬದಾಗ ಏನೈತ್ರಿ? ಯಾರಿಗೆ ಕಳಸಾವ್ರು ಇದನ್ನ?" ಎಂದು ಅರ್ಧ ಗಂಟೆ ವಿಚಾರಣೆಗೆ ಒಳಗಾದೆ. ವಿದ್ಯಾರ್ಥಿಗಳಿಗೆ ಕನ್ನಡ ಹೇಳುವವನೆಂದು ತಿಳಿದ ಮೇಲೆ ಅವರೇ ಚಹಾ ತರಿಸಿಕೊಟ್ಟರು. ಮುಂದಿನ ಸಲ ನಾನು ಹೋದಾಗ ಆ ಕಂಬವಿರಲಿಲ್ಲ. ಅವರದು ತಪ್ಪೆಂದು ನಾನು ಹೇಳಲಾರೆ. ನಿಲ್ದಾಣದಲ್ಲಿ ಅಪ್ಪಣೆ ಕೇಳುವುದು ಮರ್ಯಾದೆ. ಹಳಿಯ ಮೇಲೆ ಇಳಿಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧ, ಅದಕ್ಕಿಂತ ಮಿಗಿಲಾಗಿ ಪ್ರಾಣಕ್ಕೆ ಎರವು. ನಮ್ಮಲ್ಲಿ ಹಳೆಯ ವಸ್ತುವಿನ ಮೇಲೆ ಪ್ರೀತಿ ಇಡುವವನನ್ನು ಸಂಶಯದಿಂದ ನೋಡುವ ರೂಢಿ ಇದೆ ಎಂಬುದಷ್ಟೇ ನನ್ನ ಕೊರಗು.

ಮೂರನೆಯ ಕಾರಣ ನನಗೆ ಹೊಳೆದುದು ಹಿರಿಯ ಮಿತ್ರರೊಬ್ಬರ ಮನೆಯಲ್ಲಿ. ಅವರ ತಂದೆ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದರು. ಪಡಸಾಲೆಯ ಗೋಡೆಗೆ ಒಂದು ಫೋಟೋ ತೂಗುಹಾಕಿದ್ದಾರೆ. ದೊಡ್ಡ ಇಂಜಿನ್ನೊಂದರ ಮುಂದೆ ಏಳು ಜನ ನಿಂತಿದ್ದಾರೆ. ಮಸಿ ಹಿಡಿದ ಬಟ್ಟೆ, ತಲೆಗೆ ಕಟ್ಟಿದ ಚೌಕ. ಇಂಜಿನ್ನಿನ ಮೈಮೇಲೆ ಡಬ್ಲ್ಯು.ಜಿ. ಎಂಬ ಅಕ್ಷರಗಳೂ ಅಂಕೆಗಳೂ ಸ್ಪಷ್ಟವಾಗಿವೆ. ಡಬ್ಲ್ಯು ಎಂದರೆ ಅಗಲ ಹಳಿ, ಜಿ ಎಂದರೆ ಸಾಮಾನಿನ ಗಾಡಿ. ಈ ಜಾತಿಯ ಇಂಜಿನ್ನು ನಮ್ಮಲ್ಲಿ ಬಳಕೆಗೆ ಬಂದುದು 1950ರಲ್ಲಿ. ಹಾಗಾಗಿ ಚಿತ್ರ ಅದಕ್ಕಿಂತ ಈಚಿನದು. ಇಷ್ಟನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಮಿತ್ರರು ಮೆಲ್ಲಗೆ ಹೇಳಿದರು: "ಎಡಗಡೆಯಿಂದ ಮೂರನೇದವ್ರು ನಮ್ಮಪ್ಪಾರು. ಉಳಿದ ಆರು ಮಂದಿ ಯಾರಂತ ನನಗ ಗೊತ್ತಿಲ್ರಿ." ಪಟವನ್ನು ಕೆಳಗಿಳಿಸಿ ಹಿಂಬದಿಯನ್ನು ನೋಡಿದೆವು. ಅಲ್ಲಿ ಒಂದಕ್ಷರವೂ ಇರಲಿಲ್ಲ. ಇಂಜಿನ್ನಿನ ಕುಲಗೋತ್ರ ಸಿಕ್ಕಿತು; ಮನುಷ್ಯರ ಹೆಸರು ಸಿಗಲಿಲ್ಲ. ಕಬ್ಬಿಣದ ಮೇಲೆ ಅಂಕೆ ಬರೆದ ನಾವು ಕಾಗದದ ಮೇಲೆ ಆರು ಹೆಸರು ಬರೆಯದೆ ಹೋದೆವು. ಮಿತ್ರರು ಪೆನ್ಸಿಲು ತಂದರು. ಅವರ ತಂದೆಯ ಹೆಸರೊಂದನ್ನು ಬರೆದು ಪಟವನ್ನು ಮತ್ತೆ ಗೋಡೆಗೆ ಏರಿಸಿದೆವು.

ದಾಸರ ನಾಡಿನವರಾದ ನಮಗೆ ಈ ಮರೆವು ಶೋಭಿಸದು. ವಿಜಯದಾಸರ ಚೀಕಲಪರ್ವಿ ಮಾನ್ವಿಯ ಸೀಮೆಯದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಸೀಮೆಯದು. ಜಗನ್ನಾಥದಾಸರು ಮಾನ್ವಿಯಲ್ಲಿಯೇ ನೆಲಸಿದವರು. ಪದ ಎಷ್ಟೇ ಚಿಕ್ಕದಿರಲಿ, ಅದರ ಕೊನೆಗೆ ಅಂಕಿತವಿರುತ್ತದೆ. ಆ ಅಂಕಿತದ ಬಲದಿಂದಲೇ ಇದು ಇಂಥವರದು ಎಂದು ಮುನ್ನೂರು ವರ್ಷದ ಮೇಲೂ ಹೇಳಬಲ್ಲೆವು. ಫೋಟೋವಿಗೂ ಒಂದು ಅಂಕಿತ ಬೇಕು: ಯಾವ ಊರು, ಯಾವ ದಿನ, ಯಾರು ಯಾರು. ಅಂಕಿತವಿಲ್ಲದ ಚಿತ್ರ ಬರಿಯ ಚೆಲುವು, ಅಂಕಿತವುಳ್ಳದ್ದು ಚರಿತ್ರೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. 1871ರಲ್ಲಿ ರಾಯಚೂರಿಗೆ ಬಂದ ದಾರಿ ಮಾನ್ವಿಯನ್ನಾಗಲಿ ದೇವದುರ್ಗವನ್ನಾಗಲಿ ಮುಟ್ಟಲಿಲ್ಲ. ಅಲ್ಲಿನವರಿಗೆ ರೈಲೆಂದರೆ ರಾಯಚೂರಿನ ಪ್ಲಾಟ್‌ಫಾರಮ್ಮು. ಮಳೆ ಕೈಕೊಟ್ಟ ವರ್ಷ ದೇವದುರ್ಗದ ಕಡೆಯವರು ಬುತ್ತಿಯ ಗಂಟು, ಪಾತ್ರೆಯ ಚೀಲ, ಕಂಕುಳ ಕೂಸುಗಳೊಡನೆ ಗುಳೆ ಹೋಗಲು ಮುಂಬಯಿ, ಪುಣೆ, ಬೆಂಗಳೂರುಗಳ ಗಾಡಿಗೆ ಕಾಯುತ್ತ ಅಲ್ಲಿಯೇ ರಾತ್ರಿ ಕಳೆಯುತ್ತಾರೆ. ರಾಯಚೂರಿನ ರೈಲ್ವೆಯ ಚರಿತ್ರೆಯಲ್ಲಿ ಇಂಜಿನ್ನಿಗೆ ಎಷ್ಟು ಪಾಲೋ ಈ ಗಂಟುಗಳಿಗೂ ಅಷ್ಟೇ ಪಾಲು.

ಗಿಣಿಗೇರಾದಿಂದ ಮಹಬೂಬನಗರದ ಕಡೆಗೆ ಹೊಸ ದಾರಿಯೊಂದು 1997-98ರಲ್ಲಿ ಮಂಜೂರಾಯಿತು. ಗಂಗಾವತಿ, ಕಾರಟಗಿಗಳನ್ನು ನಿಧಾನವಾಗಿ ಹಾದು 2024ರ ಮಾರ್ಚಿನಲ್ಲಿ ಗಾಡಿ ಸಿಂಧನೂರಿಗೆ ಬಂದಿತು. ಅಲ್ಲಿಂದ ರಾಯಚೂರಿಗೆ ಬರುವ ಭಾಗ ಮಾನ್ವಿಯ ಸೀಮೆಯನ್ನು ಹಾಯಬೇಕಾದದ್ದು. ನೂರೈವತ್ತು ವರ್ಷ ಕಾದ ಊರಿಗೆ ಹಳಿ ಬರುವ ಹೊತ್ತು ಸಣ್ಣದಲ್ಲ. ಈ ಸಲ ಕ್ಯಾಮರಾ ಆನೆಯೂ ಅಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗಿಯ ಜೇಬಿನಲ್ಲಿ ಅದಿದೆ. ಹಸಿರು ಬಾವುಟ ಬೀಸುವ ದಿನ ಚಿತ್ರ ತೆಗೆಯುವವರಿಗೆ ಕೊರತೆಯಿರುವುದಿಲ್ಲ. ಅದಕ್ಕೆ ಮುಂಚಿನದು ಬೇಕು. ಹೊಲದ ನಡುವೆ ನೆಟ್ಟ ಗುರುತಿನ ಕಲ್ಲು, ಹೊಲ ಬಿಟ್ಟುಕೊಟ್ಟ ರೈತ, ಜಲ್ಲಿ ಹಾಸುವ ಕೂಲಿ, ದಾರಿಗೆ ಅಡ್ಡವಾಗಿ ಹೋದ ಬೇವಿನ ಮರ: ಇವನ್ನು ದೂರದಲ್ಲಿ ನಿಂತು, ಕೇಳಿಕೊಂಡು, ಚಿತ್ರಿಸಿ, ಹೆಸರು ಮತ್ತು ತಾರೀಖು ಬರೆದಿಡುವ ಹತ್ತು ಹುಡುಗರು ಮಾನ್ವಿಯಲ್ಲಿ ಸಿಕ್ಕರೆ ಸಾಕು.

ಮೊನ್ನೆ ತರಗತಿಯನ್ನು ಕೋಟೆಗೆ ಕರೆದುಕೊಂಡು ಹೋಗಿ ಆ ಗೀರುಚಿತ್ರದ ಮುಂದೆ ನಿಲ್ಲಿಸಿದೆ. ಮಾನ್ವಿಯ ಕಡೆಯ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಸರ್, ಕೋಣ ಹೊಡೆಯೋನ ಹೆಸರು ಬರದಿಲ್ಲಲ್ರಿ" ಎಂದ. ನನಗೆ ಅಷ್ಟು ವರ್ಷ ಹೊಳೆಯದಿದ್ದ ಮಾತು ಅದು. ಅವನ ಕೈಯಲ್ಲಿ ಫೋನಿತ್ತು. ಸಂಜೆ ಊರಿಗೆ ಹೋಗಿ ಅವನು ಕಳಿಸಿದ ಚಿತ್ರದಲ್ಲಿ ಗುದ್ದಲಿ ಹಿಡಿದ ಮೂವರು ಮಣ್ಣಿನ ದಿಬ್ಬದ ಬಳಿ ನಿಂತಿದ್ದರು. ಕೆಳಗೆ ಮೂರು ಹೆಸರುಗಳೂ ಆ ದಿನದ ತಾರೀಖೂ ಇದ್ದುವು.