ಎರಡು ಲೋಟ ಒಂದಾಗುವವರೆಗೆ

ಕಳೆದ ಆಷಾಢದಲ್ಲಿ ಜ್ವರ ಬಿಟ್ಟಮೇಲೂ ಕೆಮ್ಮು ನನ್ನನ್ನು ಬಿಡಲಿಲ್ಲ. ಹಾಸ್ಟೆಲಿನ ಗೆಳೆಯರಿಗೆ ರಾತ್ರಿ ನಿದ್ದೆ ಕೆಡಿಸುವುದು ಬೇಡವೆಂದು ಮುಟ್ಟಳ್ಳಿಯ ಅಜ್ಜಿಮನೆಗೆ ಬಂದೆ. ಭಟ್ಕಳ ಪೇಟೆಗೆ ತಾಗಿಕೊಂಡ ಊರು. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಒಗೆದ ಬಟ್ಟೆ ಒಲೆಯ ಮೇಲಿನ ಗಳುವಿನಲ್ಲೇ ಒಣಗಬೇಕು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು, ಅದರೊಳಗೆ ನನ್ನ ಪಿಎಚ್‌ಡಿಯ ಅರ್ಧ ಬರೆದ ಅಧ್ಯಾಯ: ಹದಿನಾರನೇ ಶತಮಾನದಲ್ಲಿ ಈ ಕರಾವಳಿಯ ಕಾಳುಮೆಣಸಿನ ವ್ಯಾಪಾರ.

ಅಜ್ಜಿ ನನ್ನ ಕೆಮ್ಮು ಕೇಳಿದ್ದೇ ಒಳಗೆ ಹೋದರು. ಹತ್ತು ಹನ್ನೆರಡು ಕಾಳುಮೆಣಸು, ಒಂದು ತುಂಡು ಒಣಶುಂಠಿ, ನಾಲ್ಕು ತುಳಸಿ ಎಲೆ. ಮೆಣಸನ್ನು ಹುಡಿ ಮಾಡಬಾರದು, ಕಲ್ಲಿನಲ್ಲಿ ಒಂದೇ ಪೆಟ್ಟಿಗೆ ಒಡೆಯಬೇಕು. ಎರಡು ಲೋಟ ನೀರು ಒಂದು ಲೋಟವಾಗುವವರೆಗೆ ಕುದಿಯಬೇಕು. ಇಳಿಸಿದ ಮೇಲೆ ಒಂದು ಚಮಚ ಜೋನಿಬೆಲ್ಲ. ಬೆಂಗಳೂರಿನ ಗೆಳೆಯರಿಗೆ ಜೋನಿಬೆಲ್ಲ ಏನೆಂದು ಹೇಳಿ ಹೇಳಿ ಸಾಕಾಗಿದೆ. ಅಚ್ಚಿಗೆ ಹೊಯ್ಯದೆ ದ್ರವವಾಗಿಯೇ ಉಳಿಸಿಕೊಂಡ ಕಬ್ಬಿನ ಬೆಲ್ಲ ಅದು, ನಮ್ಮ ಜಿಲ್ಲೆಯಲ್ಲಿ ದೋಸೆಗೂ ಅದೇ, ಔಷಧಿಗೂ ಅದೇ.

ಲೋಟ ಕೈಗೆ ಕೊಡುವ ಮೊದಲು ಅಜ್ಜಿ ಮೂರು ಪ್ರಶ್ನೆ ಕೇಳಿದರು. "ಎಷ್ಟು ದಿನ ಆಯ್ತು? ಕಫದಲ್ಲಿ ಕೆಂಪು ಕಾಣ್ತದಾ? ರಾತ್ರೆ ಬೆವರ್ತದಾ?"

ಹತ್ತು ದಿನ, ಇಲ್ಲ, ಇಲ್ಲ ಎಂದೆ. "ಹಂಗಾರೆ ಕುಡಿ" ಅಂದರು. ಆ ಪ್ರಶ್ನೆಗಳು ಎಲ್ಲಿಂದ ಬಂದವೆಂದು ಆಗ ನಾನು ಯೋಚಿಸಲಿಲ್ಲ.

ನನಗೆ ತಮಾಷೆ ಅನ್ನಿಸಿದ್ದು ಬೇರೆ ವಿಷಯ. ಲೋಟದ ತಳದಲ್ಲಿದ್ದ ಆ ಕಾಳಿನ ಬಗ್ಗೆಯೇ ನಾನು ಎರಡು ವರ್ಷದಿಂದ ಓದುತ್ತಿದ್ದೆ. 1502ರಲ್ಲಿ ಎರಡನೇ ಸಲ ಬಂದ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಹೇರಿದ ಷರತ್ತುಗಳಲ್ಲಿ ಒಂದು, ಈ ಬಂದರಿನಲ್ಲಿ ಮೆಣಸಿನ ವ್ಯಾಪಾರ ನಡೆಯಕೂಡದು ಎಂಬುದು. ತುರ್ಕರು ಬರಕೂಡದು, ಇಲ್ಲಿನ ಹಡಗುಗಳು ಕಲ್ಲಿಕೋಟೆಗೆ ಹೋಗಕೂಡದು. ಅದರ ಮೇಲೆ ವರ್ಷಕ್ಕೆ ನಾವಿಕರಿಗೆಂದು 1000 ಹೊರೆ ಸಾಧಾರಣ ಅಕ್ಕಿ, ಕಪ್ತಾನರಿಗೆಂದು 500 ಹೊರೆ ಒಳ್ಳೆಯ ಅಕ್ಕಿ ಕಪ್ಪ. ತಮ್ಮ ಹಿತ್ತಲಿನ ಮರಕ್ಕೆ ಹಬ್ಬಿದ ಬಳ್ಳಿಯ ಕಾಳನ್ನು ಮಾರಬಾರದೆಂದು ಸಮುದ್ರದಾಚೆಯಿಂದ ಬಂದವನೊಬ್ಬ ಹೇಳಿದಾಗ ಇಲ್ಲಿನವರು ಏನಂದುಕೊಂಡಿರಬಹುದು? ಕೊಡುವ ಕಪ್ಪದ ಜಗಳ ಮುಂದೆಯೂ ನಿಲ್ಲಲಿಲ್ಲ. 1542ರಲ್ಲಿ ಮಾರ್ಟಿಂ ಅಫೊನ್ಸೊ ದ ಸೋಸ ಭಟ್ಕಳವನ್ನು ಸುಟ್ಟು ಸೂರೆಮಾಡಿದ. 1569ರಲ್ಲಿ ಹೊನ್ನಾವರ ಪೋರ್ಚುಗೀಸರ ಕೈಸೇರಿತು.

ಮೆಣಸಿನ ನಿಜವಾದ ಸಿರಿ ಇದ್ದದ್ದು ಒಳನಾಡಿನಲ್ಲಿ, ಶರಾವತಿಯ ದಂಡೆಯ ಗೇರುಸೊಪ್ಪೆಯಲ್ಲಿ. ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ನಾವೀಗ 'ಕಾಳುಮೆಣಸಿನ ರಾಣಿ' ಎಂದು ಅಭಿಮಾನದಿಂದ ಕರೆಯುತ್ತೇವೆ. ಹೆಸರಿಟ್ಟವರು ಪೋರ್ಚುಗೀಸರು. 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯಾಗಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಆ ಹೆಸರನ್ನು ಬರೆದಿಟ್ಟಿದ್ದಾನೆ. ಆ ಹೊತ್ತಿಗೆ ರಾಣಿಯ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ವಶವಾಗಿತ್ತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರ, ಮಿರ್ಜಾನ್ ಹಾದು ಘಟ್ಟ ಹತ್ತಿದ. ಸೋಂದೆ ಸೀಮೆಯ ಅಡಿಕೆ ತೋಟಗಳಲ್ಲಿ ಮೆಣಸಿನ ಬಳ್ಳಿಯನ್ನು ಹೇಗೆ ಬೆಳೆಸುತ್ತಾರೆ ಎಂದು ರೈತರನ್ನು ಕೇಳಿ ಕೇಳಿ ಬರೆದುಕೊಂಡ. ಕಂಪನಿಗೆ ಅದು ಬೇಕಿತ್ತು.

ಈ ಕಾಗದಗಳಲ್ಲೆಲ್ಲ ಮೆಣಸು ಹಡಗಿನ ಹೊಟ್ಟೆಯಲ್ಲಿದೆ, ಗೋದಾಮಿನಲ್ಲಿದೆ, ಒಪ್ಪಂದದ ಕಲಮಿನಲ್ಲಿದೆ. ಅದನ್ನು ಬೆಳೆದವರ ಮನೆಯ ಲೋಟದಲ್ಲಿ ಮಾತ್ರ ಇಲ್ಲ. ನನ್ನ ಪ್ರಬಂಧದಲ್ಲೂ ಇರಲಿಲ್ಲ.

ಅಡುಗೆಮನೆಯ ಸಾಕ್ಷಿ ಸಿಗುವುದು ಬಹುಶಃ ಭಾಷೆಯಲ್ಲಿ. ಮೆಣಸು ಎಂದರೆ ಕನ್ನಡಕ್ಕೆ ಮೊದಲು ಇದೊಂದೇ. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಖಾರದ ಕಾಯಿ ಬಂದಾಗ ಅದಕ್ಕೆ ಹೊಸ ಹೆಸರು ಹುಡುಕದೆ ಮೆಣಸಿನಕಾಯಿ ಎಂದೆವು. ಬಂದವಳು ಮನೆಯನ್ನೇ ಹಿಡಿದಳು. ಮನೆಯ ಹಳಬಳು ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣ ಹಚ್ಚಿಕೊಂಡು ತನ್ನ ಗುರುತು ಹೇಳಬೇಕಾಯಿತು. ದಕ್ಷಿಣದ ಕರಾವಳಿಯಲ್ಲಿ ಅದು 'ಒಳ್ಳೆಮೆಣಸು'. ಸಾರಿನಲ್ಲಿ ಹೊಸಬಳು ಗೆದ್ದರೂ ಕಷಾಯದಲ್ಲಿ ಗೆಲ್ಲಲಿಲ್ಲ. ಕೆಮ್ಮಿಗೆ ಕೆಂಪು ಮೆಣಸು ಕುದಿಸಿ ಕೊಟ್ಟ ಅಜ್ಜಿಯನ್ನು ನಾನಿನ್ನೂ ಕಂಡಿಲ್ಲ.

ಶುಂಠಿ, ಮೆಣಸು, ಹಿಪ್ಪಲಿ ಸೇರಿದರೆ ಆಯುರ್ವೇದದ ತ್ರಿಕಟು. ಅಜ್ಜಿಯ ಲೋಟದಲ್ಲಿ ಅದರ ಮೂರರಲ್ಲಿ ಎರಡಿತ್ತು. ಹಾಗೆಂದು ಮನೆಮದ್ದೆಲ್ಲ ಗ್ರಂಥದಿಂದ ಇಳಿದುಬಂದದ್ದೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ದೊಡ್ಡಪತ್ರೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿ, ಜೇನು ಬೆರೆಸಿ ಮಕ್ಕಳ ನಾಲಿಗೆಗೆ ಹಚ್ಚುವುದನ್ನು ಯಾರೂ ಶ್ಲೋಕ ಓದಿ ಕಲಿತಿಲ್ಲ. (ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣು ಅಷ್ಟು ಎಳೆಯ ಕರುಳಿಗೆ ಅಪಾಯ.) 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಕೆಮ್ಮಿನ ಔಷಧಿಗಳ ಬಗ್ಗೆ ಒಂದು ಪುಸ್ತಿಕೆ ತಂದಿತು. ಗಂಟಲಿಗೆ ಹಿತವಾಗುವ, ಅಗ್ಗದ ಪದಾರ್ಥವೆಂದು ಜೇನಿನ ಹೆಸರು ಅದರಲ್ಲಿದೆ. ಸಿಹಿ ಮತ್ತು ಅಂಟು ಜೊಲ್ಲು ತರಿಸಿ, ಕೆರೆಯುವ ಗಂಟಲಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಬಿಸಿ ನೀರು ಕಫವನ್ನು ಸಡಿಲಿಸುತ್ತದೆ. ಜೋನಿಬೆಲ್ಲದ ಕೆಲಸವೂ ಇಷ್ಟೇ. ಅದು ರೋಗವನ್ನು ಓಡಿಸುವುದಿಲ್ಲ. ರೋಗ ತಾನಾಗಿ ಹೋಗುವವರೆಗೆ ರಾತ್ರಿಗಳನ್ನು ದಾಟಿಸುತ್ತದೆ.

ಇನ್ನೊಂದು ಗಿಡದ ಕತೆ ಇದಕ್ಕಿಂತ ಸ್ವಾರಸ್ಯ. ಬೇಲಿಯಲ್ಲಿ ಆಡೂ ಮುಟ್ಟದೆ ಬಿಡುವ ಆಡುಸೋಗೆಯನ್ನು ಕೆಮ್ಮಿಗೂ ದಮ್ಮಿಗೂ ಬಳಸುವುದು ಬಹಳ ಹಳೆಯದು. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ರಾಸಾಯನಿಕದ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಯುರೋಪಿನಲ್ಲಿ ಬ್ರೋಮ್‌ಹೆಕ್ಸಿನ್ ತಯಾರಿಸಿದರು, 1963ರಲ್ಲಿ ಅದು ಮಾರುಕಟ್ಟೆಗೆ ಬಂತು. ಔಷಧಿ ಅಂಗಡಿಯಲ್ಲಿ ಇವತ್ತು ಕೊಳ್ಳುವ ಎಷ್ಟೋ ಕೆಮ್ಮಿನ ಸಿರಪ್ಪುಗಳ ಮೈಮೇಲೆ ಅದರ ಹೆಸರಿದೆ. ಬೇಲಿಯ ಗಿಡ ದೊಡ್ಡ ಸುತ್ತು ಹಾಕಿ ಬಾಟಲಿಯಲ್ಲಿ ಮನೆಗೆ ಬಂದ ಹಾಗೆ.

ಐದನೆಯ ದಿನ ಸಂಜೆ, ಕರೆಂಟು ಹೋಗಿದ್ದಾಗ, ಅಜ್ಜಿಯ ಆ ಮೂರು ಪ್ರಶ್ನೆಗಳ ಮೂಲ ಗೊತ್ತಾಯಿತು. ನಾನು ಸುಮ್ಮನೆ, ಓದಿದ್ದನ್ನು ಹೇಳುವ ಚಪಲಕ್ಕೆ, ಚರಕಸಂಹಿತೆಯಲ್ಲಿ ಕೆಮ್ಮು ಐದು ಬಗೆ ಎಂದೆ. ವಾತದ್ದು, ಪಿತ್ತದ್ದು, ಕಫದ್ದು, ಎದೆಗೆ ಪೆಟ್ಟಾಗಿ ಬರುವುದು, ಐದನೆಯದು ಕ್ಷಯದ್ದು. ಅಜ್ಜಿ ಐದನೆಯದಕ್ಕೆ ತಲೆಯೆತ್ತಿದರು. "ನನ್ನ ಅಕ್ಕ ಅದ್ರಲ್ಲೇ ಹೋದ್ಲು" ಅಂದರು.

ಅಕ್ಕನಿಗೆ ಆಗ ಇಪ್ಪತ್ತೆರಡು, ಅಜ್ಜಿಗೆ ಹದಿನೇಳು. 1961ರ ಸುಮಾರು. ಮಳೆಗಾಲದಲ್ಲಿ ಶುರುವಾದ ಕೆಮ್ಮು ದೀಪಾವಳಿಗೂ ನಿಲ್ಲಲಿಲ್ಲ. ಮೈ ಇಳಿಯಿತು, ರಾತ್ರಿ ಸೆರಗು ಒದ್ದೆಯಾಗುವಷ್ಟು ಬೆವರು.

ನಾನು ತಕ್ಷಣ ತೀರ್ಪು ಕೊಟ್ಟುಬಿಟ್ಟೆ. "ಕಷಾಯ ಕುಡಿಸ್ತಾ ಕೂತ್ರಾ? ಡಾಕ್ಟರ್ ಹತ್ರ ಹೋಗ್ಲಿಲ್ವಾ?"

"ಹೋಗದೆ ಏನು? ಎರಡು ಸಲ ಗಾಡಿ ಕಟ್ಟಿಸ್ಕೊಂಡು ಹೋದ್ರು ಅಪ್ಪಯ್ಯ. ಎರಡು ಸಲನೂ ಕೆಂಪು ಔಷಧಿ ಬಾಟ್ಲಿ ಕೊಟ್ಟು ಕಳಿಸಿದ್ರು. ನಮ್ಮನೇಲೇ ಬಾಟ್ಲಿ ತಗೊಂಡು ಹೋಗ್ಬೇಕಿತ್ತು."

ನನಗೆ ಮಾತು ಹೊರಡಲಿಲ್ಲ. ಹಳ್ಳಿಯವರು ಮನೆಮದ್ದು ನಂಬಿ ಕೆಟ್ಟರು ಎಂಬ ಕತೆಯನ್ನು ನಾನು ಎಷ್ಟು ಸಲೀಸಾಗಿ ಹೇಳಲು ಹೊರಟಿದ್ದೆ! ಹಾಸ್ಟೆಲಿಗೆ ಮರಳಿದ ಮೇಲೆ ಹುಡುಕಿ ಓದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಕ್ಷಯ ಇದ್ದವರ ಮನೆಗೇ ಹೋಗಿ, ನಿಮಗೆ ಏನಾಗುತ್ತಿದೆಯೆಂದು ಗೊತ್ತಿತ್ತೆ, ಏನು ಮಾಡಿದಿರಿ ಎಂದು ಕೇಳಿದರು. 1963ರಲ್ಲಿ ಅದು ಅಚ್ಚಾಯಿತು. ಬಹುಪಾಲು ಜನರಿಗೆ ತಮ್ಮ ಮೈಯಲ್ಲಿನ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಸ್ಪತ್ರೆಯ ಬಾಗಿಲಿಗೂ ಹೋಗಿ ಬಂದಿದ್ದರು. ಹೋದವರನ್ನು ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಸಾಗಹಾಕುತ್ತಿದ್ದರು ಎಂದು ಬ್ಯಾನರ್ಜಿ ಮುಂದೆ ಬರೆದರು. ಅಜ್ಜಿ ಹೇಳಿದ ಕೆಂಪು ಬಾಟಲಿಯ ಮಾತೇ ಅದು, ಬೇರೆ ಜಿಲ್ಲೆಯಿಂದ.

ಅದೇ ಕಾಲದಲ್ಲಿ ಮದರಾಸಿನಲ್ಲಿ ಇನ್ನೊಂದು ಪರೀಕ್ಷೆ ಮುಗಿದಿತ್ತು. 1956ರಲ್ಲಿ ಶುರುವಾದ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳ ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದು ಗುಂಪಿಗೆ ಅವರವರ ಮನೆಯಲ್ಲೇ ಅದೇ ಮಾತ್ರೆ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಇಕ್ಕಟ್ಟಿನ ಮನೆ, ಅರೆಹೊಟ್ಟೆ ಊಟ ಇದ್ದರೂ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಬೇಕಿದ್ದದ್ದು ಮಾತ್ರೆ. ಅದು ಮುಟ್ಟಳ್ಳಿಯ ಆ ಮನೆಯ ತನಕ ಬರಲಿಲ್ಲ, ಅಷ್ಟೇ.

ಹದಿನಾರನೆಯ ದಿನಕ್ಕೂ ನನ್ನ ಕೆಮ್ಮು ಉಳಿದಿತ್ತು. ಅಜ್ಜಿ ದಿನ ಎಣಿಸಿಟ್ಟಿದ್ದರು. ಬೆಳಿಗ್ಗೆ ಒಲೆ ಹಚ್ಚಿದರೂ ಕಷಾಯಕ್ಕೆ ನೀರಿಡಲಿಲ್ಲ. "ಮೊದ್ಲು ತೋರ್ಸ್ಕೊಂಡು ಬಾ" ಅಂದರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು ಎನ್ನುವುದು ಸರಕಾರದ ಕ್ಷಯ ಕಾರ್ಯಕ್ರಮದ ನಿಯಮವೂ ಹೌದು. ಸರಕಾರಿ ಆಸ್ಪತ್ರೆಯಲ್ಲಿ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮರುದಿನ ಬೆಳಿಗ್ಗೆ ಎದ್ದಕೂಡಲೇ ತೆಗೆದ ಕಫ ತನ್ನಿ ಅಂದರು. ಕೊಟ್ಟುಬಂದೆ. ಕ್ಷಯ ಇರಲಿಲ್ಲ. ವೈರಸ್ ಜ್ವರದ ಬಾಲ, ಇನ್ನೊಂದೆರಡು ವಾರ ಎಳೆಯಬಹುದು ಅಂದರು ಡಾಕ್ಟರು. ಹಾಗೆಯೇ ಎಳೆಯಿತು.

ಮನೆಗೆ ಬಂದು ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ. "ದುಡ್ಡು ಎಷ್ಟಾಯ್ತು?"

"ಏನೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಡಬ್ಬಿ ಪರೀಕ್ಷೆ ಅವತ್ತೂ ಇತ್ತಾ?" ಎಂದರು.

ಕೋಖ್ ಆ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದು 1882ರಲ್ಲಿ. ಸ್ಟ್ರೆಪ್ಟೊಮೈಸಿನ್ 1943ರದ್ದು. ತಾರೀಖುಗಳೆಲ್ಲ ನನಗೆ ಬಾಯಿಪಾಠ ಇದ್ದವು.

"ಇತ್ತು ಅಜ್ಜಿ" ಎಂದೆ.

ಅಜ್ಜಿ ಏನೂ ಹೇಳದೆ ಒಳಗೆ ಹೋದರು. ಕಲ್ಲಿನಲ್ಲಿ ಮೆಣಸು ಒಡೆಯುವ ಸದ್ದು ಕೇಳಿಸಿತು.